ತಪಸ್ಸು ಕಾಲದಲ್ಲಿ ನಾನು ಸ್ಟೇಟಸ್ ಬಿಟ್ಟಿದ್ದು

ನಮ್ಮ ಮನೇಲಿ ಒಂದು ಒಳ್ಳೇ ಕೆಲಸಕ್ಕೆ ಕೈ ಹಾಕಿ ಅದು ನೆಟ್ಟಗೆ ಮುಗಿದಿದ್ದು ನನಗಂತೂ ನೆನಪಿಲ್ಲ. ಬೂದಿ ಬುಧವಾರ ಹಣೆಗೆ ಬೂದಿ ಇಡಿಸ್ಕೊಂಡು ಬಂದ ಮೇಲೆ, ಪಾಸ್ಕ ಹಬ್ಬದ ತನಕ, ಅದೇ ಈಸ್ಟರ್ ತನಕ, ಯೇಸುಸ್ವಾಮಿಯ ಪಾಡು ನೆನೆಸ್ಕೊಂಡು ಮನಸ್ಸಿಗೆ ಹಿತವಾದದ್ದು ಏನಾದ್ರೂ ಒಂದನ್ನ ಬಿಡೋದು ನಮ್ಮಲ್ಲಿ ಪದ್ಧತಿ. ಅದಕ್ಕೇ ತಪಸ್ಸು ಕಾಲ ಅನ್ನೋದು. ನಮ್ಮ ಯಜಮಾನ್ರು ಇದ್ದಾಗ ಒಂದ್ಸಲ ಬೀಡಿ ಬಿಟ್ರು. ಕೈ ಸುಮ್ನಿರಬೇಕಲ್ಲ, ನಶ್ಯ ಕಲಿತ್ರು. ಪಾಸ್ಕ ಹಬ್ಬ ಬಂತು, ಬೀಡಿನೂ ವಾಪಸ್ ಬಂತು, ನಶ್ಯ ಮಾತ್ರ ಹೋಗಲಿಲ್ಲ. ಅಂಥ ವಂಶ ನಮ್ದು. ಈ ವರ್ಷ ನಡೆದಿದ್ದು ಅದಕ್ಕಿಂತ ಒಂದು ತೂಕ ಮೇಲೆ.

೧. ಮಾಂಸಕ್ಕಿಂತ ಕಷ್ಟದ್ದು

ನಾವಿರೋದು ರಾಮಮೂರ್ತಿ ನಗರದಲ್ಲಿ. ನಾನು, ನನ್ನ ಮಗ, ಸೊಸೆ, ಕಾಲೇಜಿಗೆ ಹೋಗೋ ಮೊಮ್ಮಗಳು. ಮಗ ದೊಡ್ಡನೆಕ್ಕುಂದಿ ಕಡೆ ಒಂದು ಫ್ಯಾಕ್ಟರೀಲಿ ಸೂಪರ್‌ವೈಸರು. ಅಲ್ಲಿ ನೂರು ಜನಕ್ಕೆ ಹುಕುಂ ಮಾಡ್ತಾನೆ, ಇಲ್ಲಿ ಮೂರು ಜನ ಹೆಂಗಸರ ಕೈಲಿ ಬೈಸ್ಕೋತಾನೆ. ಬೂದಿ ಬುಧವಾರ ಚರ್ಚಿಂದ ಬಂದವನೇ ಹಣೆ ಬೂದಿ ಒರೆಸ್ಕೊಳ್ದೆ ಸೋಫಾ ಮೇಲೆ ಕೂತು ಶುರು ಮಾಡ್ದ.

"ವರ್ಷಾ ವರ್ಷಾ ಮಾಂಸ ಬಿಡ್ತೀವಿ. ಬಿಟ್ಟು ಏನ್ಮಾಡ್ತೀವಿ? ವಂಜರ ಮೀನು ತಿಂತೀವಿ. ಅದೂ ಒಂದು ತ್ಯಾಗಾನಾ? ಈ ಸಲ ಮನೆಯವರೆಲ್ಲಾ ಸೇರಿ ನಿಜವಾಗ್ಲೂ ನೋಯೋ ಅಂಥದ್ದು ಬಿಡೋಣ."

ಸೊಸೆ ಅಡಿಗೆಮನೆಯಿಂದಲೇ, "ನೀವು ಗೊರಕೆ ಬಿಡಿ, ನಾನು ನಿಮಗೆ ಬೈಯೋದು ಬಿಡ್ತೀನಿ" ಅಂದ್ಲು.

ಅವನು ಕೇಳಿಸ್ಕೊಳ್ಳಲಿಲ್ಲ. "ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು, ಎಲ್ಲಾ ಬಂದ್. ಫೋನ್ ಬಂದ್ರೆ ಎತ್ತಬಹುದು, ನಾವೂ ಮಾಡಬಹುದು. ಮಾತಿಗೆ ತಡೆಯಿಲ್ಲ. ಮಿಕ್ಕಿದ್ದು ಪಾಸ್ಕದ ತನಕ ಇಲ್ಲ."

ಮೊಮ್ಮಗಳ ಮುಖ ನೋಡ್ಬೇಕಿತ್ತು. ಬಂಧುಗಳು ಯಾರೋ ತೀರ್ಕೊಂಡಂಗೆ ಕೂತಳು. ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿ, "ಅಪ್ಪಾ, ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನದ ತನಕ ಎಣಿಸು. ನಲವತ್ತಾರು ದಿನ ಆಗುತ್ತೆ. ಆರು ಭಾನುವಾರ ಕಳೆದ್ರೇನೇ ನಲವತ್ತು. ಭಾನುವಾರ ತಪಸ್ಸಿಗೆ ಸೇರಲ್ಲ. ಭಾನುವಾರ ನಾನು ನೋಡ್ಕೋತೀನಿ" ಅಂದ್ಲು.

"ಇದನ್ನ ಯಾರೇ ನಿನಗೆ ಹೇಳಿಕೊಟ್ಟಿದ್ದು?"

"ಅಮ್ಮಾನೇ. ಧರ್ಮೋಪದೇಶದ ಕ್ಲಾಸಲ್ಲಿ."

ನನ್ನ ಸೊಸೆ ಪ್ರತಿ ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಪಾಠ ಹೇಳೋಳು. ಮಗ ಅವಳ ಕಡೆ ತಿರುಗಿ ನೋಡ್ದ. ಅವಳು ಸೌಟು ಹಿಡ್ಕೊಂಡೇ ಈಚೆ ಬಂದು ತೀರ್ಪು ಕೊಟ್ಲು. "ಅದು ಚರ್ಚಿನ ಲೆಕ್ಕ. ಮನೇಲಿ ಭಾನುವಾರ ಅಂತ ಯಾವ ದಿನಾನೂ ಇಲ್ಲ. ನನಗೇನು ಈ ಮನೇಲಿ ಭಾನುವಾರ ರಜಾ ಇದೆಯಾ?"

ಅಲ್ಲಿಗೆ ವಾದ ಮುಗೀತು. ಒಂದು ಹಾಳೇಲಿ ಬರೆದು ಎಲ್ರೂ ಸೈನ್ ಹಾಕಿದ್ರು. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ, ಹೆಬ್ಬೆಟ್ಟು ಒತ್ತಿದೆ. ಹಾಳೆಯನ್ನ ಯೇಸುಸ್ವಾಮಿ ಪಟದ ಕೆಳಗೆ ಅಂಟಿಸಿದ್ದಾಯ್ತು.

ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ಮಗ ಕಾಫಿ ಲೋಟ ಹಿಡ್ಕೊಂಡು ಆ ಕಡೆಗೂ ಈ ಕಡೆಗೂ ಓಡಾಡ್ತಿದ್ದಾನೆ. "ಏನೋ ಹೊಟ್ಟೆ ಸರಿ ಇಲ್ವಾ?" ಅಂದೆ.

"ಹಂಗೇನಿಲ್ಲಮ್ಮ. ಬಿಡೋಕೆ ಮುಂಚೆ, ನಾವೆಲ್ಲಾ ತ್ಯಾಗ ಮಾಡ್ತಿದ್ದೀವಿ ಅಂತ ಫೇಸ್‌ಬುಕ್ಕಲ್ಲಿ ಫೋಟೋ ಹಾಕಿದ್ದೆ" ಅಂದ. "ಈಗ ಅದಕ್ಕೆ ಎಷ್ಟು ಲೈಕ್ ಬಂದಿದೆ ಅಂತ ನೋಡೋದು ಹೇಗೆ?"

೨. ನನಗೆ ನೋಯೋದು

ಎಲ್ರಿಗೂ ಅವರವರ ಚಿಂತೆ. ನನ್ನ ಚಿಂತೆ ಯಾರಿಗೂ ಹೊಳೀಲಿಲ್ಲ. ನಾನು ಓದಲ್ಲ, ಬರೆಯಲ್ಲ. ನನಗೆ ಬರೋದು ಒಂದೇ, ವಾಟ್ಸಾಪ್ ಸ್ಟೇಟಸ್. ಮೊಮ್ಮಗಳು ಹೇಳಿಕೊಟ್ಟಿದ್ಲು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ. ದಿನಾ ಬೆಳಿಗ್ಗೆ ಜಪಸರ ಮುಗಿಸಿ ಒಂದು ಮಾತೆಯ ಪಟಾನೋ, ಗುಲಾಬಿ ಹೂವನ್ನೋ ಹಾಕ್ತಿದ್ದೆ. ಹಾಕಿ ಎರಡು ನಿಮಿಷಕ್ಕೆ, ಯಾರು ನೋಡಿದ್ರು ಅನ್ನೋ ಕಡೆ ಮೊದಲ ಮುಖ ನನ್ನ ತಂಗೀದು.

ತಂಗಿ ಹಲಸೂರಲ್ಲಿದ್ದಾಳೆ. ಹೋದ ವರ್ಷ ಅವಳ ಮೊಮ್ಮಗನ ಮದುವೇಲಿ ಒಂದು ಫೋಟೋ ತೆಗೆದಿದ್ರು. ಅದರಲ್ಲಿ ನಾನು ಮಹಾರಾಣಿ ಥರ ಕೂತಿದ್ದೀನಿ. ಪಕ್ಕದಲ್ಲಿ ಅವಳು, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಬಾಯೊಳಗೆ ಬಿರಿಯಾನಿ. ನನ್ನ ಕಣ್ಣಿಗೆ ನಾನೇ ಕಂಡೆ, ಅವಳು ಕಾಣಲೇ ಇಲ್ಲ. ಹಾಕ್ಬಿಟ್ಟೆ. ಹಲಸೂರೆಲ್ಲಾ ನೋಡ್ತಂತೆ. ಅವತ್ತೇ ಮಾತು ಬಿಟ್ಲು. ನಾನೂ ಬಿಟ್ಟೆ. ಆದ್ರೆ ಬೆಳಿಗ್ಗೆ ನಾನು ಹೂವು ಹಾಕೋದು, ಅವಳು ನೋಡೋದು, ಅವಳು ನೋಡಿದ್ಲು ಅಂತ ನಾನು ನೋಡೋದು, ಇದು ಒಂದು ದಿನಾನೂ ತಪ್ಪಿಲ್ಲ. ನನ್ನ ಹೂವು ಅಂದ್ರೆ "ನಾನಿದ್ದೀನಿ ಕಣೇ." ಅವಳು ನೋಡಿದ್ಲು ಅಂದ್ರೆ "ನಾನೂ ಇದ್ದೀನಿ." ಅಷ್ಟೇ ಉಳಿದಿದ್ದು ನಮ್ಮಿಬ್ಬರ ಮಧ್ಯೆ. ಅದಕ್ಕೂ ಈಗ ಕತ್ತರಿ.

ಮಗನಿಗೆ ಹೇಳಿದೆ. "ನನ್ನದೊಂದು ಬಿಟ್ಟುಬಿಡಪ್ಪ. ಹೂವು ತಾನೇ? ಅವಳಿಗೆ ಫೇಸ್‌ಬುಕ್ಕೂ ಇಲ್ಲ, ನಾವು ಬಿಟ್ಟಿರೋದು ಅವಳಿಗೆ ಗೊತ್ತೇ ಆಗಲ್ಲ."

"ಫೋನ್ ಮಾಡಿ ಹೇಳಮ್ಮ. ಮಾತಿಗೆ ತಡೆ ಇಲ್ಲ ಅಂತ ಹೇಳಿದ್ದೀನಲ್ಲ?"

"ನಾನು ದೊಡ್ಡವಳು. ಮೊದಲು ನಾನು ಮಾಡ್ಬೇಕಾ?"

"ಚಿಕ್ಕಮ್ಮ ತಾನೇ ನೊಂದ್ಕೊಂಡಿರೋದು?"

"ನೊಂದ್ಕೊಂಡಿರೋಳು ಅವಳು, ಸರಿ. ಹಂಗಾದ್ರೆ ಅವಳೇ ಮಾಡಿ ನಾನು ನೊಂದ್ಕೊಂಡಿದ್ದೀನಿ ಅಂತ ಹೇಳಲಿ."

ಮಗ ತಲೆ ಚಚ್ಕೊಂಡ. "ಅಮ್ಮಾ, ಈ ತಪಸ್ಸು ಕಾಲಕ್ಕೆ ನೀನು ಜಂಬ ಬಿಡಬಹುದಿತ್ತು."

"ಬಿಡೋದು ಒಂದು ಅಂತ ನೀನೇ ಹೇಳಿದ್ದು" ಅಂದೆ. "ಹೆಬ್ಬೆಟ್ಟು ಒತ್ತಿ ಆಗಿದೆ."

೩. ದೋಸೆಗೆ ಹೊಗಳಿಕೆ

ಮೊದಲನೇ ವಾರ ಮೊಮ್ಮಗಳದ್ದು ಬೇರೆಯೇ ಪಾಡು. ಅವಳು ಫೋಟೋ ತೆಗೀದೆ ನೀರೂ ಕುಡಿದವಳಲ್ಲ. ದೋಸೆ ಮುಂದೆ ಬಂದ್ರೆ ಆರೋ ತನಕ ಫೋಟೋ, ಆರಿದ ಮೇಲೆ ಊಟ. ಈಗ ದೋಸೆ ಬಿಸಿ ಇರುವಾಗಲೇ ತಿನ್ನಬೇಕಲ್ಲ, ಅದು ಅವಳಿಗೆ ಅಭ್ಯಾಸವಿಲ್ಲ. ತಟ್ಟೆ ಹಿಡ್ಕೊಂಡು ನನ್ನ ಹತ್ತಿರ ಬಂದ್ಲು.

"ಅಜ್ಜಿ, ನೋಡು."

"ನೋಡಿದೆ."

"ಸುಮ್ನೆ ನೋಡಿದ್ರೆ ಆಯ್ತಾ? ಏನಾದ್ರೂ ಹೇಳು."

"ದೋಸೆ ಕಣೇ. ಏನು ಹೇಳ್ಲಿ ಅದಕ್ಕೆ?"

"ಹೋಗ್ಲಿ, ಹಿಂಗೆ ಹೆಬ್ಬೆಟ್ಟಾದ್ರೂ ಎತ್ತು."

ಎತ್ತಿದೆ. ಮಗುವಿಗೆ ಖುಷಿ ಆಯ್ತು. ಅವತ್ತಿಂದ ನನಗೆ ಅದೇ ಕೆಲಸ. ಜಡೆ ಹಾಕ್ಕೊಂಡ್ರೆ ಹೆಬ್ಬೆಟ್ಟು, ಹೊಸ ಚೂಡಿದಾರ್ ಹಾಕ್ಕೊಂಡ್ರೆ ಹೆಬ್ಬೆಟ್ಟು, ಕಿಟಕೀಲಿ ಪಾರಿವಾಳ ಕೂತ್ರೆ ಅದಕ್ಕೊಂದು. ಅದನ್ನ ನೋಡಿ ಮಗಾನೂ ಶುರು ಮಾಡ್ದ. ಪೇಪರಲ್ಲಿ ಸುದ್ದಿ ಓದಿ, ತನ್ನ ಅಭಿಪ್ರಾಯ ಗಟ್ಟಿಯಾಗಿ ಹೇಳಿ, ನನ್ನ ಕಡೆ ನೋಡೋನು. ಅವನಿಗೂ ಎತ್ತಬೇಕು. ಸೊಸೆ ಮಾತ್ರ ಏನೂ ಕೇಳಲಿಲ್ಲ. ಹದಿನೆಂಟು ವರ್ಷದಿಂದ ಅಡಿಗೆ ಮಾಡ್ತಿದ್ದೀನಿ, ಒಂದು ಹೆಬ್ಬೆಟ್ಟು ಬಂದಿಲ್ಲ, ಈಗ್ಯಾಕೆ ಅಂದ್ಲು. ನನಗೆ ನಾಚಿಕೆಯಾಗಿ ಅವಳ ಸಾರಿಗೆ ಎರಡೂ ಕೈ ಎತ್ತಿದೆ.

ನಮ್ಮ ಎದುರು ರೂಮಲ್ಲಿ ಕಲಬುರ್ಗಿ ಕಡೆಯ ಒಬ್ಬಳು ಬಾಡಿಗೆಗೆ ಇದ್ದಾಳೆ, ಒಳ್ಳೇ ಹೆಣ್ಣುಮಗಳು. ನಾಲ್ಕು ದಿನ ನನ್ನ ನೋಡಿದ್ಲು. ಐದನೇ ದಿನ ಒಂದು ಬಟ್ಟಲಲ್ಲಿ ಬೆಚ್ಚಗೆ ಎಣ್ಣೆ ಕಾಯಿಸಿ ತಂದು ನನ್ನ ಸೊಸೆಗೆ ಮೆಲ್ಲಗೆ ಹೇಳಿದ್ಲು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ಅಮ್ಮಾರ ಹೆಬ್ಬಟ್ಟ ಸೆಟದೈತಿ, ಮಡಚಲಿಕ್ಕ ಬರವಲ್ದು. ನಮ್ಮ ಅತ್ತೀಗೂ ಹಿಂಗ ಆಗಿತ್ರಿ. ಲಗೂನ ಎಣ್ಣಿ ಹಚ್ರಿ."

ಆ ಎಣ್ಣೆಗೂ ಒಂದು ಹೆಬ್ಬೆಟ್ಟು ಎತ್ತಿದೆ.

೪. ಬೀಗ ಹಾಕಿದ ಚರ್ಚು

ತಪಸ್ಸು ಕಾಲದ ಶುಕ್ರವಾರಗಳಲ್ಲಿ ಸಂಜೆ ಆರಕ್ಕೆ ಚರ್ಚಲ್ಲಿ ಶಿಲುಬೆ ಹಾದಿ ಇರುತ್ತೆ. ಗೋಡೆ ಮೇಲೆ ಹದಿನಾಲ್ಕು ಪಟ, ಹದಿನಾಲ್ಕು ಕಡೆ ಮಂಡಿಯೂರಿ ಪ್ರಾರ್ಥನೆ. ಒಂದು ಶುಕ್ರವಾರ ನಾವು ನಾಲ್ವರೂ ಸರಿಯಾಗಿ ಆರಕ್ಕೆ ಹೋದ್ವಿ. ನೋಡಿದ್ರೆ ಬಾಗಿಲಿಗೆ ಬೀಗ. ಒಂದು ನರಪಿಳ್ಳೆ ಇಲ್ಲ.

ಮಗನ ಎದೆ ಉಬ್ತು. "ನೋಡಮ್ಮ, ಇಡೀ ಚರ್ಚಲ್ಲಿ ನಮ್ಮ ಮನೆಯವರಿಗೆ ಮಾತ್ರ ಭಕ್ತಿ ಇರೋದು."

ಅಷ್ಟರಲ್ಲಿ ಫಾದರ್ ಗೇಟಿನ ಕಡೆಯಿಂದ ಬಂದ್ರು, ಕೈಲಿ ತರಕಾರಿ ಚೀಲ. "ಏನು ಎಲ್ಲಾ ಈಗ ಬಂದಿದ್ದೀರಿ? ಇವತ್ತು ನಾಲ್ಕೂವರೆಗೇ ಮುಗಿಸಿದ್ವಲ್ಲ. ಬೆಳಿಗ್ಗೇನೇ ಗ್ರೂಪಲ್ಲಿ ಹಾಕಿದ್ದೆ."

ಮಗ ಇದೇ ಸಮಯ ಅಂತ ಗಂಟಲು ಸರಿಮಾಡ್ಕೊಂಡ. "ಫಾದರ್, ನಾವು ಮನೆಯವರೆಲ್ಲಾ ತಪಸ್ಸಿಗೆ ಅಂತ ಗ್ರೂಪು ಗೀಪು ಎಲ್ಲಾ ಬಿಟ್ಟಿದ್ದೀವಿ. ನೀವೇ ಭಾನುವಾರದ ಪ್ರಸಂಗದಲ್ಲಿ ಉಪದೇಶ ಮಾಡಿದ್ರಲ್ಲ?"

ಫಾದರ್ ಚೀಲ ಕೆಳಗಿಟ್ರು. "ನಾನು ಹೇಳಿದ್ದು ಫೋನಲ್ಲಿ ಚಾಡಿ ಹೇಳೋದು ಬಿಡಿ ಅಂತ. ನೀವು ಅದನ್ನ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬಿಟ್ಟಿದ್ದೀರಲ್ರೀ!"

ಪಾಪ, ಬೀಗ ತೆಗೆದುಕೊಟ್ರು. ಹದಿನಾಲ್ಕು ಪಟದ ಮುಂದೆ ನಾವು ನಾಲ್ವರೇ. ಜನ ತುಂಬಿದ್ರೆ ಗುಂಪಲ್ಲಿ ಅರ್ಧ ಕೂತು ಅರ್ಧ ನಿಂತು ಹೇಗೋ ಸಾಗಿಸ್ತೀನಿ. ಅವತ್ತು ಫಾದರ್ ಹಿಂದೆ ನಿಂತು ನೋಡ್ತಿದ್ರು. ಏಳನೇ ಪಟದಲ್ಲಿ ಸ್ವಾಮಿ ಎರಡನೇ ಸಲ ಬಿದ್ರು, ಒಂಬತ್ತನೇದ್ರಲ್ಲಿ ಮೂರನೇ ಸಲ. ನಾನು ಅಷ್ಟರಲ್ಲಿ ಐದು ಸಲ ಬಿದ್ದಾಗಿತ್ತು.

೫. ಹತ್ತಿ ಕಚ್ಕೊಂಡ ಶನಿವಾರ

ತಿಂಗಳು ಕಳೀತು. ಹೂವು ಹಾಕಿಲ್ಲ, ತಂಗಿ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ದಿನಾ ಬೆಳಿಗ್ಗೆ ಬೆರಳು ತುರಿಸೋದು. ಇದಾಳೋ, ಹೇಗಿದಾಳೋ, ಶುಗರ್ ಬೇರೆ ಇದೆ ಅವಳಿಗೆ.

ಒಂದು ಶನಿವಾರ ದವಡೆ ಹಲ್ಲು ಕೀಳಿಸ್ಕೊಂಡು ಬಂದೆ. ಡಾಕ್ಟರು ಹತ್ತಿ ಇಟ್ಟು, "ಒಂದು ಗಂಟೆ ಕಚ್ಚಿ ಹಿಡ್ಕೊಳ್ಳಿ, ಬಾಯಿ ಬಿಡಬೇಡಿ" ಅಂದಿದ್ರು. ಸೂಜಿ ಚುಚ್ಚಿದ್ದಕ್ಕೆ ಮುಖ ಅರ್ಧ ನನ್ನದು, ಅರ್ಧ ಯಾರದೋ. ತಲೆ ಸುತ್ತ ಟವೆಲ್ ಕಟ್ಕೊಂಡು ಮಲಗಿದ್ದೆ. ಮೊಮ್ಮಗಳು ಮಾತ್ರೆ ತರೋಕೆ ಅಂಗಡಿಗೆ ಹೋಗಿದ್ಲು. ಆಗ ಬಾಗಿಲಲ್ಲಿ ಬಂದು ನಿಂತವಳು ಯಾರು ಅಂತೀರಿ? ಹಲಸೂರಲ್ಲಿ ತಂಗಿ ಮನೆ ಎದುರು ಹೂವು ಮಾರೋ ತಮಿಳಮ್ಮ! ಕೈಲಿ ಒಂದು ಕವರು, ಅದರ ತುಂಬಾ ಕಿತ್ತಳೆ.

"ಅಕ್ಕಾ, ಎಪ್ಪಡಿ ಇರ್ಕೀಂಗ? ಚೆನ್ನಾಗಿದೀರಾ? ಸುಮ್ನೆ ಈ ಕಡೆ ಬಂದಿದ್ದೆ, ನೋಡ್ಕೊಂಡು ಹೋಗಣಾಂತ" ಅಂದ್ಲು. ಹಲಸೂರಿಂದ ರಾಮಮೂರ್ತಿ ನಗರಕ್ಕೆ ಯಾರಾದ್ರೂ ಸುಮ್ನೆ ಬರ್ತಾರಾ?

ಬಾಯಿ ಬಿಡೋ ಹಾಗಿಲ್ಲ. ನಕ್ಕೆ. ಅರ್ಧ ಬಾಯಿ ನಗ್ತು, ಇನ್ನರ್ಧ ಜೋತ್ಕೊಂಡೇ ಇತ್ತು.

"ಮಾತಾಡಕ್ಕಾ, ಏನಾಯ್ತಕ್ಕಾ?"

ಎಲ್ಲಾ ಅವನ ದಯೆ, ಚೆನ್ನಾಗಿದ್ದೀನಿ ಅನ್ನೋ ಅರ್ಥದಲ್ಲಿ ಕೈಯೆತ್ತಿ ಮೇಲೆ ತೋರಿಸಿದೆ. ಅವಳು ಮೇಲೆ ನೋಡಿದ್ಲು, ನನ್ನ ನೋಡಿದ್ಲು. "ಐಯೋ ಆಂಡವರೇ!" ಅಂತ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು, ಕಿತ್ತಳೆ ಕಾಲ ಹತ್ತಿರ ಇಟ್ಟು, ಅಳ್ತಾ ಹೊರಟೇ ಹೋದ್ಲು.

ಮೊಮ್ಮಗಳು ಬಂದಳು. ಹತ್ತಿ ತೆಗೆದವಳೇ ನಾನು ಅಳೋಕೆ ಶುರು ಮಾಡ್ದೆ. "ನನ್ನ ತಂಗಿಗೆ ಏನೋ ಆಗಿದೆ ಕಣೇ. ಕೆಟ್ಟ ಸುದ್ದಿ ಹೇಳೋಕೆ ಬಂದಿದ್ಲು, ನಾನು ಹೀಗೆ ಮಲಗಿರೋದು ನೋಡಿ ಹೇಳೋಕಾಗ್ದೆ ಅತ್ಕೊಂಡು ಹೋದ್ಲು."

"ಫೋನ್ ಮಾಡಿ ಕೇಳೋಣ ಬಾ ಅಜ್ಜಿ."

"ಬೇಡ, ಬೇಡ. ಬೇರೆ ಯಾರಾದ್ರೂ ಎತ್ತಿ, ಅವರು ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಹಲಸೂರು ಮಾರ್ಕೆಟ್‌ಗೆ ಹೋಗಿದ್ದಾರೆ ಅಂತ ಅಜ್ಜಿ!" ಅಂತ ಅವಳು ಕಿತ್ತಳೆ ಸುಲಿಯೋಕೆ ಕೂತಳು.

೬. ನನ್ನ ಆತ್ಮಶಾಂತಿಗೆ ನಾನೇ

ತಂಗಿ ಹಲಸೂರಿನ ಚರ್ಚಲ್ಲಿ ಸೋಮವಾರ ಸಂಜೆಯ ಕನ್ನಡ ಪೂಜೆ ತಪ್ಪಿಸೋಳಲ್ಲ. ಹೋಗಿ ಹಿಂದೆ ಕೂತು, ಅವಳ ತಲೆ ಕಂಡ್ರೆ ಸಾಕು, ಮಾತಾಡಿಸ್ದೆ ವಾಪಸ್ ಬಂದ್ಬಿಡೋಣ ಅಂತ ಮೊಮ್ಮಗಳನ್ನ ಕರ್ಕೊಂಡು ಬಸ್ ಹತ್ತಿದೆ. ಚರ್ಚಿನ ಕೊನೇ ಕಡೆ ಕಂಬದ ಪಕ್ಕ ಕೂತ್ಕೊಂಡ್ವಿ. ಮುಂದೆ ಎಲ್ಲಾ ಸೆರಗು ಹೊದ್ದ ತಲೆಗಳೇ. ಯಾವುದು ಅವಳದು?

ಸೋಮವಾರ ಸತ್ತವರ ಆತ್ಮಗಳಿಗೆ ಮೀಸಲಾದ ಪೂಜೆ. ಯಾರು ಯಾರ ಹೆಸರು ಬರೆಸಿದ್ದಾರೋ ಅದನ್ನ ಮೊದಲು ಓದ್ತಾರೆ. ಒಬ್ಬಮ್ಮ ಮೈಕ್ ಮುಂದೆ ನಿಂತು ಓದೋಕೆ ಶುರು ಮಾಡಿದ್ಲು. ತಂಗಿ ಹೆಸರು ಬಂದ್ಬಿಟ್ರೆ? ಕಣ್ಣು ಮುಚ್ಕೊಂಡೆ.

ಬಂತು ಹೆಸರು. ನನ್ನದು!

ದಿವಂಗತ ಅಂತ ಮುಂದೆ ಸೇರಿಸಿ ಓದಿದ್ಲು. ಯಾರೋ ಪಾಪ, ನನ್ನ ಹೆಸರಿನವಳೇ ಅಂದ್ಕೊಂಡೆ. ಆಮೇಲೆ ನಮ್ಮ ಯಜಮಾನ್ರ ಹೆಸರು ಬಂತು. ಆಮೇಲೆ ರಾಮಮೂರ್ತಿ ನಗರ ಅಂತ ಬಂತು. "ಇವರ ಆತ್ಮಶಾಂತಿಗಾಗಿ ಪ್ರಾರ್ಥಿಸೋಣ" ಅಂದ್ಲು. ಜನ ಎಲ್ಲಾ ಒಟ್ಟಿಗೆ, "ಪ್ರಭುವೇ, ನಮ್ಮ ಪ್ರಾರ್ಥನೆ ಆಲಿಸಿರಿ" ಅಂದ್ರು. ಅಭ್ಯಾಸ ಬಲ, ನಾನೂ ಅಂದ್ಬಿಟ್ಟೆ.

ಮೊಮ್ಮಗಳು ನನ್ನ ತೋಳು ಚಿವುಟಿದ್ಲು. "ಅಜ್ಜಿ, ನಿನ್ನನ್ನೇ!"

"ಸುಮ್ನಿರೇ, ಪೂಜೆ ಮಧ್ಯೆ ಮಾತಾಡಬಾರ್ದು."

ಆಗ ನಾಲ್ಕು ಬೆಂಚು ಮುಂದೆ ಒಬ್ಬಳು ಬಿಕ್ಕಿ ಬಿಕ್ಕಿ ಅಳೋ ಸದ್ದು ಕೇಳಿಸ್ತು. ಆ ಅಳು ನನಗೆ ಗೊತ್ತು. ಅರವತ್ತು ವರ್ಷದಿಂದ ಕೇಳಿದ್ದೀನಿ. ನನ್ನ ತಂಗಿ ಇದ್ದಾಳೆ! ಗಟ್ಟಿಮುಟ್ಟಾಗಿ ಅಳ್ತಿದ್ದಾಳೆ! ಸತ್ತವಳು ನಾನೇ ಆಗಿದ್ರೂ ನನಗೆ ಹೋದ ಜೀವ ಬಂದಂಗಾಯ್ತು. ಮೆಲ್ಲಗೆ ಎದ್ದು ಹೋಗಿ ಅವಳ ಹಿಂದಿನ ಬೆಂಚಲ್ಲಿ ಕೂತೆ.

ಪೂಜೆ ಕೊನೇ ಹೊತ್ತಿಗೆ ಫಾದರ್, "ಒಬ್ಬರಿಗೊಬ್ಬರು ಶಾಂತಿ ಹಂಚಿಕೊಳ್ಳಿ" ಅಂತಾರೆ. ಆಗ ಎಲ್ರೂ ಅಕ್ಕಪಕ್ಕ, ಹಿಂದೆ ಮುಂದೆ ತಿರುಗಿ ಕೈ ಮುಗೀಬೇಕು. ತಂಗಿ ಕಣ್ಣೊರೆಸ್ಕೊಂಡು, ಕೈ ಜೋಡಿಸಿ, ಹಿಂದೆ ತಿರುಗಿದ್ಲು.

ನಾನು ಕೈ ಮುಗಿದೆ. "ನಿನಗೆ ಶಾಂತಿ ಸಿಗಲಿ ಕಣೇ."

ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ಶಿಲುಬೆ ಕಡೆ ಒಂದ್ಸಲ ನೋಡಿದ್ಲು, ನನ್ನ ಕಡೆ ಒಂದ್ಸಲ. "ಯೇಸಪ್ಪಾ, ಇಷ್ಟು ಬೇಗ ಕೇಳ್ಬಿಟ್ಟೆಯಾ!" ಅಂದ್ಲು. ಅವಳ ಪಕ್ಕದಲ್ಲಿದ್ದ ಹೆಂಗಸು, "ಯಾರಮ್ಮ ಇವರು?" ಅಂತ ನನಗೆ ಕೈ ಮುಗಿಯೋಕೆ ಬಂದ್ಲು.

"ನಮ್ಮಕ್ಕ. ಈಗ ಓದಿದ್ರಲ್ಲ, ಇವಳೇ."

ಆ ಹೆಂಗಸು ಬೆಂಚಿನ ಆ ತುದಿಗೆ ಹೋಗಿ ಕೂತಳು. ಪೂಜೆ ಮುಗಿಯೋ ತನಕ ಈ ಕಡೆ ತಿರುಗಲಿಲ್ಲ.

ಹೊರಗೆ ಬಂದ ಮೇಲೆ ಹಿಡ್ಕೊಂಡೆ. "ನನ್ನ ಯಾಕೇ ಸಾಯ್ಸಿದೆ?"

"ನೀನ್ಯಾಕೆ ಸ್ಟೇಟಸ್ ನಿಲ್ಲಿಸ್ದೆ?" ಅಂತ ತಿರುಗಿ ಬಿದ್ಲು. "ದಿನಾ ಬೆಳಿಗ್ಗೆ ನೋಡ್ತೀನಿ, ಹೂವಿಲ್ಲ. ಒಂದು ವಾರ, ಕೋಪ ಅಂದ್ಕೊಂಡೆ. ಎರಡು ವಾರ, ಜಂಬ ಅಂದ್ಕೊಂಡೆ. ತಿಂಗಳಾಯ್ತಲ್ಲೇ! ಹೂವಿನಮ್ಮನ್ನ ಕಳಿಸಿದ್ರೆ, ಬಾಯಿ ಸೊಟ್ಟ ಆಗಿದೆ, ಮಾತು ನಿಂತಿದೆ, ಮೇಲೆ ಕೈ ತೋರಿಸಿ ಹೊರಟೆ ಅಂತಿದ್ದಾರೆ ಅಂತ ಬಂದು ಹೇಳಿದ್ಲು. ಎರಡು ಸಲ ಆಟೋ ಹತ್ತಿ ಇಳಿದೆ. ನೀನು ಮಾತಿಲ್ದೆ ಮಲಗಿರೋದು ನೋಡೋ ಶಕ್ತಿ ನನಗಿಲ್ಲ ಕಣೇ. ಓಡಿ ಬಂದು ಪೂಜೆ ಬರೆಸಿದೆ."

"ಬದುಕಿರೋಳಿಗೆ ಆತ್ಮಶಾಂತಿ ಪೂಜೇನಾ?"

"ಕಾಯಿಲೆಯವರದ್ದು ಗುರುವಾರ. ಪಾಸ್ಕ ಆಗೋ ತನಕ ಜಾಗ ಇಲ್ಲ ಅಂದ್ಲು ಆಫೀಸಿನಮ್ಮ. ಸೋಮವಾರ ಒಂದು ಜಾಗ ಇದೆ, ಆದ್ರೆ ಅದು ಸತ್ತವರಿಗೆ ಅಂದ್ಲು. ಪರವಾಗಿಲ್ಲ, ಅಲ್ಲೇ ಹಾಕಮ್ಮ, ದೇವರಿಗೆ ಅಷ್ಟೂ ಗೊತ್ತಾಗಲ್ವಾ ಅಂದೆ."

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಚರ್ಚ್ ಆಫೀಸಿಗೆ ಹೋದ್ವಿ, ನನ್ನ ಹೆಸರು ಹೊಡೆದು ಹಾಕಿಸೋಕೆ. ಆಫೀಸಿನಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನ ತಲೆಯಿಂದ ಕಾಲ ತನಕ ನೋಡಿದ್ಲು.

"ಓದಿ ಆಯ್ತಲ್ಲ ಅಜ್ಜಿ. ಅರ್ಪಿಸಿದ ಪೂಜೆ ವಾಪಸ್ ತಗೊಳ್ಳೋಕೆ ಬರಲ್ಲ. ಅಡ್ವಾನ್ಸ್ ಅಂತ ಇಟ್ಕೊಳ್ಳಿ. ಯಾವತ್ತಾದ್ರೂ ಬೇಕಾಗುತ್ತೆ."

ನನಗೆ ಅದು ಸರಿ ಅನ್ನಿಸ್ತು. ತಂಗಿ ಮುಖ ಮಾತ್ರ ಇಳೀತು.

"ಹುಟ್ಟಿದಾಗಿಂದ ಎಲ್ಲದಕ್ಕೂ ಇವಳೇ ಮೊದಲು. ಈಗ ಇದಕ್ಕೂ ಮೊದಲಾ? ನನ್ನ ಹೆಸರೂ ಬರ್ಕೊಳಮ್ಮ, ಮುಂದಿನ ಸೋಮವಾರಕ್ಕೆ."

"ಅಯ್ಯೋ, ನೀವು ಬದುಕಿದ್ದೀರಲ್ಲಮ್ಮ!"

"ಇವಳೂ ಬದುಕಿದ್ದಾಳಲ್ಲ! ಬರ್ಕೋ. ಇವಳು ಮುಂಚೆ ಹೋಗಿ ಅಲ್ಲಿ ಒಳ್ಳೇ ಜಾಗ ಹಿಡ್ಕೊಂಡು ಕೂತ್ರೆ, ನಾನು ಎಲ್ಲಿ ಅಂತ ಹುಡುಕಲಿ ಇವಳನ್ನ?"

ಆಫೀಸಿನಮ್ಮ ಬರ್ಕೊಂಡ್ಲು. ಮುಂದಿನ ಸೋಮವಾರ ಅಕ್ಕತಂಗೀರು ಒಂದೇ ಬೆಂಚಲ್ಲಿ ಕೂತು, ಅವಳ ಆತ್ಮಕ್ಕೆ ಶಾಂತಿ ಕೋರಿ ಇಬ್ಬರೂ ಗಟ್ಟಿಯಾಗಿ ಪ್ರಾರ್ಥನೆ ಮಾಡಿ, ಹೊರಗೆ ಬಂದು ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ ತಿಂದ್ವಿ.